ದಾರಿಗೂ ಹಕ್ಕುಂಟು

ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಿವೆಯೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಅವುಗಳಲ್ಲಿ ಅತ್ಯುನ್ನತವಾದುದು, ಅಲ್ಲಾಹನ ಹೊರತು ಬೇರೆ ಆರಾಧ್ಯನಿಲ್ಲ ಎಂಬ ಸಾಕ್ಷ್ಯವಚನ. ಅತ್ಯಂತ ಕೆಳಗಿನದು, ಜನರಿಗೆ ತೊಂದರೆ ಕೊಡುವ ವಸ್ತುವನ್ನು ದಾರಿಯಿಂದ ಸರಿಸುವುದು. ಇಮಾಮ್ ಮುಸ್ಲಿಮರು ವರದಿ ಮಾಡಿರುವ ಈ ಹದೀಸನ್ನು ನಮ್ಮ ಮದ್ರಸಗಳ ಮಕ್ಕಳು ಕೂಡ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಮಕ್ಕಳು ಪಾಠ ಒಪ್ಪಿಸಿ ಮನೆಗೆ ಮರಳುವ ದಾರಿಯಲ್ಲಿ ಆ ಹದೀಸು ನಮ್ಮ ಬದುಕಿನಲ್ಲಿ ಎಷ್ಟು ಉಳಿದಿದೆಯೆಂಬುದು ಕಣ್ಣಿಗೆ ಕಾಣುತ್ತದೆ.

ಕೆಳಗಿನ ಶಾಖೆ ಎಂದ ಮಾತ್ರಕ್ಕೆ ಅದು ಕ್ಷುಲ್ಲಕವೆಂದು ಅರ್ಥವಲ್ಲ. ಏಣಿಯ ಕೆಳಗಿನ ಮೆಟ್ಟಿಲಿಗೆ ಕಾಲಿಡದವನು ಮೇಲೇರುವುದು ಹೇಗೆ? ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ದಾರಿಯಲ್ಲಿ ಬೇರೆ ಯಾರೋ ಹಾಕಿದ ಮುಳ್ಳನ್ನು ಸರಿಸುವುದು ಈಮಾನಿನ ಕನಿಷ್ಠ ಬೇಡಿಕೆಯಾದರೆ, ಮುಳ್ಳನ್ನು ತಂದು ಹಾಕುವವನ ಈಮಾನು ಯಾವ ಮೆಟ್ಟಿಲಿನಲ್ಲಿದೆ?

ನಮ್ಮ ಪಟ್ಟಣಗಳ ಯಾವುದೇ ಪೇಟೆ ಬೀದಿಯನ್ನು ನೋಡಿರಿ. ನಡೆಯುವವರಿಗೆಂದು ಕಲ್ಲು ಹಾಸಿದ ಕಾಲುದಾರಿಯಿದೆ. ಬಟ್ಟೆ ಅಂಗಡಿಯ ಗೊಂಬೆಗಳು ಅದರ ಮೇಲೆ ನಿಂತಿವೆ. ಹಾರ್ಡ್‌ವೇರ್ ಅಂಗಡಿಯ ಪೈಪುಗಳು ಮಲಗಿವೆ. ಹೋಟೆಲಿನ ಗ್ಯಾಸ್ ಸಿಲಿಂಡರು, ಗುಜರಿ ಅಂಗಡಿಯ ಮೂಟೆಗಳು, ಗ್ಯಾರೇಜಿನ ಬಿಚ್ಚಿಟ್ಟ ಸ್ಕೂಟರುಗಳು, ಹಣ್ಣಿನ ತಳ್ಳುಗಾಡಿ, ಇವೆಲ್ಲವೂ ಅಲ್ಲಿಯೇ ಇವೆ. ಉಳಿದ ಜಾಗದಲ್ಲಿ ಗಿರಾಕಿಗಳ ಬೈಕುಗಳು. ಪರಿಣಾಮವಾಗಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಿ, ಕೋಲೂರಿಕೊಂಡ ಮುದುಕರು, ಶಾಲೆಯ ಚೀಲ ಹೊತ್ತ ಮಕ್ಕಳು ಕಾಲುದಾರಿಯಿಂದ ಇಳಿದು ಬಸ್ಸು ಲಾರಿಗಳ ನಡುವೆ ನಡೆಯಬೇಕಾಗುತ್ತದೆ. ಕಣ್ಣು ಕಾಣದವರ ಪಾಡನ್ನಂತೂ ಹೇಳಬೇಕಾಗಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಇವರೆಲ್ಲರೂ ಕಾಲುದಾರಿ ಮುಚ್ಚಿದ್ದರಿಂದಲೇ ಸತ್ತರೆಂದು ಹೇಳಲಾಗದು. ಆದರೆ ನಡೆಯುವವನನ್ನು ವಾಹನದ ಮುಂದೆ ತಳ್ಳುವ ಪ್ರತಿಯೊಂದು ಅಡಚಣೆಯೂ ಅಪಾಯವನ್ನು ಹೆಚ್ಚಿಸುತ್ತದೆಂಬುದಕ್ಕೆ ಸಾಕ್ಷಿ ಬೇಕಿಲ್ಲ.

ಪ್ರವಾದಿವರ್ಯರ(ಸ) ಪಾಠ

ದಾರಿಗಳಲ್ಲಿ ಕುಳಿತುಕೊಳ್ಳುವುದರ ಬಗ್ಗೆ ಎಚ್ಚರಿಕೆಯಿಂದಿರಿ ಎಂದು ಪ್ರವಾದಿವರ್ಯರು(ಸ) ಒಮ್ಮೆ ಅನುಚರರಿಗೆ ಬೋಧಿಸಿದರು. ಅದು ನಮಗೆ ಅನಿವಾರ್ಯ, ನಾವು ಅಲ್ಲಿಯೇ ಕುಳಿತು ಮಾತುಕತೆ ನಡೆಸುತ್ತೇವೆ ಎಂದು ಅವರು ಅರಿಕೆ ಮಾಡಿಕೊಂಡರು. ಹಾಗಿದ್ದರೆ ದಾರಿಗೆ ಅದರ ಹಕ್ಕನ್ನು ಸಲ್ಲಿಸಿರಿ ಎಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ದಾರಿಯ ಹಕ್ಕು ಯಾವುದೆಂದು ಅವರು ಕೇಳಿದಾಗ, ದೃಷ್ಟಿಯನ್ನು ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ಎಂದು ವಿವರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬೂ ಸಈದಿಲ್ ಖುದ್ರಿಯವರಿಂದ(ರ) ಇದು ವರದಿಯಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಬಾಯಿಲ್ಲದ ದಾರಿಗೂ ಹಕ್ಕು ಇದೆ. ಅದರ ಪರವಾಗಿ ಹಕ್ಕು ಕೇಳುವವರು ಆ ದಾರಿಯಲ್ಲಿ ನಡೆದುಹೋಗುವ ಅಪರಿಚಿತರು. ಕುಳಿತುಕೊಳ್ಳುವವರ ಅಗತ್ಯವನ್ನು ಪ್ರವಾದಿವರ್ಯರು(ಸ) ತಳ್ಳಿಹಾಕಲಿಲ್ಲ. ಆದರೆ ನಡೆಯುವವರ ಹಕ್ಕನ್ನು ಅದಕ್ಕಿಂತ ಮೇಲೆ ಇಟ್ಟರು.

ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂದು ಅವರು ತೀರ್ಪಿತ್ತರು. ಅದು ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಅಡಿ. ಅಂಗುಲ ಅಂಗುಲಕ್ಕೂ ಜಗಳವಾಡುವ ಮನುಷ್ಯನ ಸ್ವಭಾವವನ್ನು ಬಲ್ಲ ಅವರು ಅಳತೆಯನ್ನೇ ಗೊತ್ತುಪಡಿಸಿದರು. ಬಾಣಗಳನ್ನು ಹಿಡಿದು ಮಸೀದಿಗೋ ಪೇಟೆಗೋ ಬರುವವನು ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಲಿ, ಯಾರಿಗೂ ತಾಗದಿರಲಿ ಎಂದು ಆದೇಶಿಸಿದರು. ಇಂದು ತಲೆಗೆ ಬಡಿಯುವ ಶೀಟಿನ ಅಂಚು, ಕಣ್ಣಿಗೆ ಚುಚ್ಚುವ ಕೊಡೆಯ ಕಡ್ಡಿ, ಕಾಲಿಗೆ ತಾಗುವ ಕಬ್ಬಿಣದ ಸರಳು ಇವೆಲ್ಲವೂ ಆ ಬಾಣದ ಮೊನೆಗಳೇ ಅಲ್ಲವೇ?

ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬ ವ್ಯಕ್ತಿಯ ಕರ್ಮವನ್ನು ಅಲ್ಲಾಹನು ಮೆಚ್ಚಿ ಅವನ ಪಾಪಗಳನ್ನು ಕ್ಷಮಿಸಿದನೆಂದು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಆ ವ್ಯಕ್ತಿಯ ಹೆಸರು ನಮಗೆ ತಿಳಿದಿಲ್ಲ. ಅವನಿಂದ ಉಪಕಾರ ಪಡೆದ ದಾರಿಹೋಕರಿಗೂ ಅವನ ಹೆಸರು ತಿಳಿದಿರಲಾರದು. ಅಲ್ಲಾಹನಿಗೆ ತಿಳಿದಿತ್ತು.

ವಿದ್ವಾಂಸರು ಏನೆನ್ನುತ್ತಾರೆ?

ಕಾಲುದಾರಿಯ ವಿಚಾರ ನಗರಸಭೆಯದ್ದು, ಧರ್ಮಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ನಮ್ಮ ಫಿಕ್ಹ್ ಗ್ರಂಥಗಳನ್ನು ತೆರೆದು ನೋಡಿದವರು ಹೀಗೆ ಕೇಳಲಾರರು. ಕ್ರಿ.ಶ. 1277ರಲ್ಲಿ ನಿಧನರಾದ ಇಮಾಮ್ ನವವಿಯವರ 'ಮಿನ್‌ಹಾಜ್' ಶಾಫಿಈ ಮದ್‌ಹಬಿನ ಪ್ರಮುಖ ಗ್ರಂಥ. ಬೀದಿಯ ಪ್ರಯೋಜನ ನಡೆದಾಡುವುದೇ ಎಂಬುದು ಅದರಲ್ಲಿರುವ ಮೂಲ ನಿಯಮ. ದಣಿವಾರಿಸಿಕೊಳ್ಳಲು ಅಥವಾ ವ್ಯಾಪಾರಕ್ಕಾಗಿ ಅಲ್ಲಿ ಕುಳಿತುಕೊಳ್ಳಬಹುದು, ನೆರಳಿಗಾಗಿ ಚಾಪೆಯಂತಹದನ್ನು ಕಟ್ಟಿಕೊಳ್ಳಲೂಬಹುದು. ಆದರೆ ನಡೆಯುವವರಿಗೆ ದಾರಿ ಇಕ್ಕಟ್ಟಾಗಬಾರದು. ಜಗಲಿ ಕಟ್ಟುವ ವಿಷಯದಲ್ಲಾದರೋ ಅವರ ನಿಲುವು ಬೇರೆ. ಬೀದಿಯಲ್ಲಿ ಜಗಲಿ ಕಟ್ಟುವುದು, ಮರ ನೆಡುವುದು ನಿಷಿದ್ಧವೆಂದು ಅವರು ಹೇಳಿ, ತೊಂದರೆಯಿಲ್ಲದಿದ್ದರೆ ಅನುವದನೀಯ ಎಂಬ ಮತ್ತೊಂದು ಅಭಿಪ್ರಾಯವನ್ನು ಎರಡನೆಯದಾಗಿ ಮಾತ್ರ ಉಲ್ಲೇಖಿಸಿದ್ದಾರೆ.

ಕರಾವಳಿಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಶಾಫಿಈಗಳಾದರೆ ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಹನಫಿಗಳು. ಹನಫಿ ಮದ್‌ಹಬಿನ 'ಹಿದಾಯ'ದಲ್ಲೂ ಇದಕ್ಕಾಗಿ ಒಂದು ಅಧ್ಯಾಯವೇ ಇದೆ. ಸಾರ್ವಜನಿಕ ಬೀದಿಯತ್ತ ಯಾರಾದರೂ ಜಗಲಿಯನ್ನೋ ನೀರಿನ ಕೊಳವೆಯನ್ನೋ ಚಾಚಿದರೆ, ಜನಸಾಮಾನ್ಯರಲ್ಲಿ ಯಾರು ಬೇಕಾದರೂ ಅದನ್ನು ತೆಗೆಸಬಹುದು. ಅದು ಬಿದ್ದು ಯಾರಾದರೂ ಸತ್ತರೆ ರಕ್ತಪರಿಹಾರ ಕೊಡಬೇಕಾಗುತ್ತದೆ. ನೋಡಿರಿ, ದಾರಿಯಲ್ಲಿ ನಡೆಯುವ ಒಬ್ಬ ಸಾಮಾನ್ಯನಿಗೆ ಎಂಟು ಶತಮಾನಗಳಿಗೂ ಹಿಂದೆ ನಮ್ಮ ವಿದ್ವಾಂಸರು ಎಂತಹ ಅಧಿಕಾರ ಕೊಟ್ಟಿದ್ದರು!

ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಬೀದಿಯ ಕೆಡುಕುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದ್ದಾರೆ. ಕಟ್ಟಡಕ್ಕೆ ತಾಗಿಸಿ ಜಗಲಿ ಕಟ್ಟುವುದು, ದಾರಿ ಇಕ್ಕಟ್ಟಾಗುವಂತೆ ಸೌದೆ ಮತ್ತು ಧಾನ್ಯದ ಹೊರೆಗಳನ್ನಿಡುವುದು, ಹತ್ತಿಳಿಯುವ ಅಗತ್ಯಕ್ಕಿಂತ ಹೆಚ್ಚು ಹೊತ್ತು ಸವಾರಿಯ ಪ್ರಾಣಿಯನ್ನು ದಾರಿಯಲ್ಲಿ ಕಟ್ಟಿಹಾಕುವುದು, ಕಟುಕನು ಅಂಗಡಿಯ ಬಾಗಿಲಲ್ಲೇ ಕೊಯ್ದು ರಕ್ತದಿಂದ ದಾರಿಯನ್ನು ಹೊಲಸು ಮಾಡುವುದು, ಕಲ್ಲಂಗಡಿಯ ಸಿಪ್ಪೆ ಎಸೆಯುವುದು, ಜಾರುವಂತೆ ನೀರು ಚೆಲ್ಲುವುದು ಇವೆಲ್ಲವೂ ಅದರಲ್ಲಿವೆ. ಅವರು 1111ರಲ್ಲಿ ನಿಧನರಾದವರು. ಪಟ್ಟಿಯನ್ನು ಓದುವಾಗ ಮಾತ್ರ ಮೊನ್ನೆ ಮೊನ್ನೆ ನಮ್ಮ ಪೇಟೆಯನ್ನು ಸುತ್ತಿ ಬಂದು ಬರೆದಂತಿದೆ. ಸವಾರಿಯ ಪ್ರಾಣಿಯ ಜಾಗದಲ್ಲಿ ಬೈಕು ಎಂದು ಓದಿಕೊಂಡರೆ ಸಾಕು.

ಬರಹದಲ್ಲಿ ಮಾತ್ರ ಉಳಿದ ನಿಯಮಗಳಲ್ಲ ಇವು. ಮುಸ್ಲಿಮ್ ನಗರಗಳಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿಯಿರುತ್ತಿದ್ದನು. ತೂಕ ಅಳತೆಗಳನ್ನು ಪರೀಕ್ಷಿಸುವಂತೆಯೇ ಬೀದಿಯನ್ನು ಇಕ್ಕಟ್ಟು ಮಾಡುವವರನ್ನು ತಡೆಯುವುದೂ ಅವನ ಹೊಣೆಯಾಗಿತ್ತು. ತೂಕದಲ್ಲಿ ಕಡಿಮೆ ಮಾಡುವುದನ್ನು ಮಹಾಪಾಪವೆಂದು ಬಲ್ಲ ನಾವು, ದಾರಿಯಲ್ಲಿ ಕಡಿಮೆ ಮಾಡುವುದನ್ನು ಜಾಣತನವೆಂದು ತಿಳಿದಿದ್ದೇವೆ. ಗಿರಾಕಿಗೆ ಐವತ್ತು ಗ್ರಾಂ ಕಡಿಮೆ ಕೊಟ್ಟರೆ ಮೋಸ ಹೋದವನು ಒಬ್ಬನೇ. ಕಾಲುದಾರಿಯ ಮೂರಡಿಯನ್ನು ನುಂಗಿದರೆ ದಿನಕ್ಕೆ ಎಷ್ಟು ಮಂದಿಗೆ ಮೋಸವಾಯಿತೆಂದು ಲೆಕ್ಕ ಹಾಕಿರಿ.

ನಾಡಿನ ಕಾನೂನು

ನಮ್ಮ ನಾಡಿನ ಕಾನೂನು ಕೂಡ ಇದಕ್ಕಿಂತ ಭಿನ್ನವಾಗಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯು ಸಾರ್ವಜನಿಕ ಬೀದಿಯಲ್ಲಿ ಅಡಚಣೆಯಾಗುವಂತೆ ಕಟ್ಟುವುದನ್ನೂ ಸಾಮಾನು ಇಡುವುದನ್ನೂ ನಿಷೇಧಿಸಿ, ಅವುಗಳನ್ನು ತೆಗೆಸುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವವನಿಗೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ 200 ರೂಪಾಯಿಯವರೆಗೆ ಮಾತ್ರ ದಂಡವಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಅದನ್ನು 5,000 ರೂಪಾಯಿಯವರೆಗೆ ಏರಿಸಿದೆ. ಕಾಲುದಾರಿಯ ಮೇಲೆ ವಾಹನ ನಿಲ್ಲಿಸುವುದು ಮೋಟಾರು ವಾಹನ ನಿಯಮಗಳ ಪ್ರಕಾರ ಅಪರಾಧ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಕಾಲುದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದ 1.8 ಮೀಟರ್, ಅಂದರೆ ಸುಮಾರು ಆರಡಿ ಜಾಗವಾದರೂ ನಡೆಯುವವರಿಗೆ ಸಿಗಬೇಕು. ಅಡೆತಡೆಯಿಲ್ಲದ ಕಾಲುದಾರಿಯು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದೂ, ಅದು ಅಂಗವಿಕಲರಿಗೂ ಬಳಸುವಂತಿರಬೇಕೆಂದೂ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು.

ಕಾನೂನು ದಂಡ ಹಾಕುವುದು ಅಧಿಕಾರಿ ಕಂಡಾಗ ಮಾತ್ರ. ಜೀಪಿನ ಸದ್ದು ಕೇಳಿದೊಡನೆ ಸಾಮಾನನ್ನು ಒಳಗೆಳೆದು, ಜೀಪು ತಿರುವಿನಲ್ಲಿ ಮರೆಯಾದೊಡನೆ ಮತ್ತೆ ಹೊರಗಿಡುವ ಆಟವನ್ನು ನಾವು ನೋಡಿದ್ದೇವೆ. ಅಲ್ಲಾಹನನ್ನು ಭಯಪಡುವವನಿಗೆ ಜೀಪಿನ ಅಗತ್ಯವಿರಬಾರದು.

ಬಡ ವ್ಯಾಪಾರಿಯ ಗಂಜಿ

ಇಷ್ಟನ್ನು ಓದಿ ತಳ್ಳುಗಾಡಿಯ ಬಡವನ ಮೇಲೆ ಯಾರಾದರೂ ಬೆರಳು ತೋರಿಸಿದರೆ ಅವರು ಅರ್ಧ ಪಾಠವನ್ನಷ್ಟೇ ಓದಿದಂತಾಯಿತು. ಇಮಾಮ್ ನವವಿಯವರು ಕಟ್ಟಿದ ಜಗಲಿಯನ್ನೂ ಚಾಪೆಯ ನೆರಳಿನಲ್ಲಿ ಕುಳಿತ ಮಾರಾಟಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಮೊದಲನೆಯದು ದಾರಿಯನ್ನು ಶಾಶ್ವತವಾಗಿ ಕಬಳಿಸುತ್ತದೆ. ಎರಡನೆಯವನು ಸಂಜೆ ಎದ್ದು ಹೋಗುತ್ತಾನೆ. ಅಂಗಡಿಗೆ ಮುಂಗಡ ಕೊಡಲು ಗತಿಯಿಲ್ಲದೆ ಹೊಟ್ಟೆಪಾಡಿಗಾಗಿ ಬಿಸಿಲಲ್ಲಿ ನಿಲ್ಲುವವನು ಭಿಕ್ಷೆ ಬೇಡುತ್ತಿಲ್ಲ, ದುಡಿದು ತಿನ್ನುತ್ತಿದ್ದಾನೆ. ನಮ್ಮ ಸಮುದಾಯದಲ್ಲಿ ಅಂತಹ ಕುಟುಂಬಗಳು ಕಡಿಮೆಯೇನಿಲ್ಲ.

ಕಾನೂನು ಕೂಡ ಅವನನ್ನು ಕಳ್ಳನೆಂದು ಕರೆಯುವುದಿಲ್ಲ. ಬೀದಿಬದಿಯ ವ್ಯಾಪಾರವೂ ಸಂವಿಧಾನ ಮಾನ್ಯ ಮಾಡಿದ ಉದ್ಯೋಗವೆಂದೂ, ಆದರೆ ಅದು ನಿಯಂತ್ರಣಕ್ಕೆ ಒಳಪಟ್ಟದ್ದೆಂದೂ ಸುಪ್ರೀಂ ಕೋರ್ಟ್ 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಜಾರಿಗೆ ಬಂತು. ಅದರ ಕೆಲವು ಅಂಶಗಳನ್ನು ಪ್ರತಿಯೊಬ್ಬ ವ್ಯಾಪಾರಿಯೂ ತಿಳಿದಿರಬೇಕು. ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿಯಿರಬೇಕು. ಅದರಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಸಮೀಕ್ಷೆ ನಡೆಸಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು. ಅದು ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ಹಣ್ಣು ತರಕಾರಿಯಂತಹ ಕೆಡುವ ಸಾಮಾನನ್ನು ಅವನು ಕೇಳಿದ ದಿನವೇ, ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು.

ಆದ್ದರಿಂದ ಮುನ್ಸೂಚನೆಯಿಲ್ಲದೆ ಬಂದು ತಕ್ಕಡಿಯನ್ನು ಕಿತ್ತೆಸೆದು, ಬಡವನ ಹಣ್ಣನ್ನು ಚರಂಡಿಗೆ ಸುರಿಯುವುದು ಕಾನೂನಿನ ಪಾಲನೆಯಲ್ಲ, ಅದು ಕಾನೂನಿನ ಹೆಸರಿನಲ್ಲಿ ನಡೆಯುವ ಅನ್ಯಾಯ. ಅದೇ ಬೀದಿಯಲ್ಲಿ ಕಾಲುದಾರಿಯನ್ನೇ ಮೆಟ್ಟಿಲಾಗಿಸಿ ಕಟ್ಟಿದ ಬಹುಮಹಡಿ ಕಟ್ಟಡವನ್ನು ಮುಟ್ಟದೆ ಹೋದರೆ ಅನ್ಯಾಯ ಎರಡು ಪಾಲಾಗುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಕನ್ನಡದಲ್ಲಿ ಗಾದೆಯಿದೆ. ಪ್ರತಿಷ್ಠಿತನು ಕದ್ದಾಗ ಬಿಟ್ಟುಬಿಡುತ್ತಿದ್ದುದರಿಂದಲೂ, ದುರ್ಬಲನು ಕದ್ದಾಗ ಮಾತ್ರ ಶಿಕ್ಷಿಸುತ್ತಿದ್ದುದರಿಂದಲೂ ಹಿಂದಿನ ಜನಾಂಗಗಳು ನಾಶವಾದುವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಗರದ ಆಡಳಿತದಲ್ಲಿರುವವರು, ಅವರಲ್ಲಿ ನಮ್ಮವರೂ ಇದ್ದಾರೆ, ಈ ಮಾತನ್ನು ಕಚೇರಿಯ ಮೇಜಿನ ಮುಂದೆ ಕುಳಿತು ನೆನೆಯಬೇಕು.

ಆದರೆ ಬಡತನವೂ ಪೂರ್ಣ ಪರವಾನಿಗೆಯಲ್ಲ. ಕಾಯ್ದೆ ಕೊಟ್ಟಿರುವುದು ಒಂದು ಗಾಡಿಯ ಜಾಗವನ್ನು, ಇಡೀ ಕಾಲುದಾರಿಯನ್ನಲ್ಲ. ನಡೆಯುವವರಿಗೆ ಜಾಗ ಬಿಡದ ಬಡವನು ಅನೇಕ ಸಲ ತನ್ನಂತಹ ಇನ್ನೊಬ್ಬ ಬಡವನ ಹಕ್ಕನ್ನೇ ಕಿತ್ತುಕೊಂಡಿರುತ್ತಾನೆ. ಕಾರಿನಲ್ಲಿ ಹೋಗುವವನಿಗೆ ಕಾಲುದಾರಿ ಬೇಕಿಲ್ಲ. ಅದು ಬೇಕಾಗಿರುವುದು ಬಸ್ಸಿನ ದುಡ್ಡು ಉಳಿಸಲು ನಡೆಯುವ ಕೂಲಿಯವನಿಗೆ, ಮನೆಗೆಲಸಕ್ಕೆ ಹೋಗುವ ವಿಧವೆಗೆ.

ಪುಣ್ಯಕಾರ್ಯದ ಹೆಸರಿನಲ್ಲಿ

ಇನ್ನೊಂದು ವಿಷಯವನ್ನು ಹೇಳದೆ ಬಿಟ್ಟರೆ ಈ ಬರಹ ಅಪೂರ್ಣವಾದೀತು. ಜುಮುಅದ ದಿನ ಕೆಲವು ಮಸೀದಿಗಳ ಮುಂದೆ ಬೈಕುಗಳನ್ನು ಅಡ್ಡಾದಿಡ್ಡಿಯಾಗಿ ನಿಲ್ಲಿಸಲಾಗುತ್ತದೆ. ನಿಕಾಹಿನ ಶಾಮಿಯಾನವು ಬೀದಿಯ ಈ ತುದಿಯಿಂದ ಆ ತುದಿಗೆ ಏಳುತ್ತದೆ. ರಮಝಾನಿನ ಸಂಜೆ ಇಫ್ತಾರಿನ ತಿಂಡಿಯ ಮೇಜುಗಳು ಕಾಲುದಾರಿಯನ್ನು ತುಂಬುತ್ತವೆ. ಕೇಳಿದರೆ, ದೀನಿನ ಕೆಲಸವಲ್ಲವೇ, ಸ್ವಲ್ಪ ಹೊತ್ತಿಗಲ್ಲವೇ ಎಂಬ ಉತ್ತರ ಬರುತ್ತದೆ. ಬೇರೆಯವರೂ ಹೀಗೆಯೇ ಮಾಡುತ್ತಾರಲ್ಲ ಎಂಬ ವಾದವೂ ಇದೆ. ಎಲ್ಲರ ಮನೆಯ ದೋಸೆಯೂ ತೂತು ಎಂಬುದು ನಿಜವೇ. ಆದರೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು ನಮ್ಮ ಮನೆಯ ದೋಸೆಯ ಬಗ್ಗೆ.

ಒಂದು ಯುದ್ಧಯಾತ್ರೆಯಲ್ಲಿ ಜನರು ಬಿಡಾರ ಹೂಡಿದಾಗ ಜಾಗವನ್ನು ಇಕ್ಕಟ್ಟು ಮಾಡಿ ದಾರಿಯನ್ನು ಮುಚ್ಚಿಬಿಟ್ಟರು. ಆಗ ಪ್ರವಾದಿವರ್ಯರು(ಸ) ಒಬ್ಬರನ್ನು ಕಳುಹಿಸಿ, ಬಿಡಾರವನ್ನು ಇಕ್ಕಟ್ಟು ಮಾಡಿದವನಿಗೂ ದಾರಿಯನ್ನು ತಡೆದವನಿಗೂ ಜಿಹಾದಿನ ಪುಣ್ಯವಿಲ್ಲವೆಂದು ಸಾರಿಸಿದರು. ಮುಆದ್ ಬಿನ್ ಅನಸ್(ರ) ವರದಿ ಮಾಡಿದ ಈ ಹದೀಸು ಅಬೂ ದಾವೂದಿನಲ್ಲಿದೆ. ಅಲ್ಲಾಹನ ಮಾರ್ಗದಲ್ಲಿ ಪ್ರಾಣ ಕೊಡಲು ಹೊರಟವರ ಪುಣ್ಯವೇ ದಾರಿ ತಡೆದುದರಿಂದ ಕೈತಪ್ಪುವುದಾದರೆ, ನಮ್ಮ ಔತಣದ ಶಾಮಿಯಾನಕ್ಕೆ ಯಾವ ರಿಯಾಯಿತಿ? ನಡೆದಾಡುವ ದಾರಿಯಲ್ಲಿ ನಮಾಝ್ ಮಾಡುವುದನ್ನು ಶಾಫಿಈ ಮತ್ತು ಹನಫಿ ವಿದ್ವಾಂಸರಿಬ್ಬರೂ ಕರಾಹತ್ ಎಂದಿರುವುದನ್ನೂ ನಾವು ಮರೆಯಬಾರದು. ಮಸೀದಿಯಿಂದ ಹೊರಬರುವವರನ್ನು ನೋಡಿ ನೆರೆಯ ಸಹೋದರ ಧರ್ಮೀಯರು ಇಸ್ಲಾಮನ್ನು ಅಳೆಯುತ್ತಾರೆ. ದಾರಿಯಲ್ಲಿ ನಡೆಯುವವನ ಧರ್ಮ ಯಾವುದೆಂದು ಕೇಳಿ ಅವನಿಗೆ ಹಕ್ಕು ಕೊಡುವುದಲ್ಲ. ಮರವೊಂದು ದಾರಿಯಲ್ಲಿ ಜನರಿಗೆ ತೊಂದರೆ ಕೊಡುತ್ತಿತ್ತು, ಅದನ್ನು ಕಡಿದ ವ್ಯಕ್ತಿ ಸ್ವರ್ಗದಲ್ಲಿ ಸುಖಿಸುತ್ತಿದ್ದಾನೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅಲ್ಲಿರುವ ಪದ ಜನರು ಎಂದೇ.

ಕ್ಷಮೆ ಯಾರಲ್ಲಿ ಕೇಳುವುದು?

ಓದುಗ ಸಹೋದರ ಸಹೋದರಿಯರೇ, ಅಲ್ಲಾಹನ ಹಕ್ಕುಗಳಲ್ಲಿ ಲೋಪವಾದರೆ ತೌಬಾದ ಬಾಗಿಲು ತೆರೆದಿದೆ. ದಾಸರ ಹಕ್ಕುಗಳ ವಿಷಯ ಹಾಗಲ್ಲ. ಯಾರ ಹಕ್ಕನ್ನು ಕಿತ್ತುಕೊಂಡಿದ್ದೇವೆಯೋ ಅವರಿಗೆ ಅದನ್ನು ಹಿಂದಿರುಗಿಸಬೇಕು ಅಥವಾ ಅವರಿಂದ ಕ್ಷಮೆ ಪಡೆಯಬೇಕು. ನೆರೆಯವನ ಸಾಲವನ್ನು ತೀರಿಸಬಹುದು, ಸಹೋದರನ ಪಾಲನ್ನು ಮರಳಿಸಬಹುದು, ಬೈದವನ ಕೈ ಹಿಡಿದು ಮಾಫ್ ಮಾಡು ಎನ್ನಬಹುದು. ಆದರೆ ನಮ್ಮ ಅಂಗಡಿಯ ಸಾಮಾನಿಗೆ ಎಡವಿ ಬಿದ್ದ ಮುದುಕಿಯ ಹೆಸರೇನು? ನಮ್ಮ ಬೈಕನ್ನು ಬಳಸಿ ರಸ್ತೆಗಿಳಿದಾಗ ಲಾರಿಯ ಹಾರ್ನಿಗೆ ನಡುಗಿದ ಮಗು ಯಾರದು? ಹತ್ತು ವರ್ಷ ದಾರಿಯನ್ನು ಮುಚ್ಚಿಟ್ಟವನು ಆ ಸಾವಿರಾರು ಮಂದಿಯನ್ನು ಯಾವ ಊರಿನಲ್ಲಿ ಹುಡುಕುತ್ತಾನೆ?

ಅವರೆಲ್ಲರೂ ಒಟ್ಟಾಗಿ ಸಿಗುವ ಸ್ಥಳ ಮಹ್ಶರಾ ಮೈದಾನ. ನಮಾಝ್, ಉಪವಾಸ, ಝಕಾತುಗಳೊಂದಿಗೆ ಬಂದವನು ಬೇರೆಯವರ ಹಕ್ಕುಗಳಿಗೆ ಬದಲಾಗಿ ಒಂದೊಂದೇ ಪುಣ್ಯವನ್ನು ಕೊಟ್ಟು ಕೊನೆಗೆ ಬರಿಗೈಯವನಾಗುವನೆಂದೂ, ನಿಜವಾದ ದಿವಾಳಿಕೋರ ಅವನೇ ಎಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಏಳು ಭೂಮಿಗಳನ್ನು ಸುತ್ತಲಾಗುವುದೆಂಬ ಎಚ್ಚರಿಕೆಯೂ ಇದೆ. ಒಬ್ಬ ಮಾಲೀಕನ ಗೇಣು ನೆಲಕ್ಕೇ ಇಷ್ಟಾದರೆ, ಊರಿನವರೆಲ್ಲರ ಪಾಲಿರುವ ನೆಲದ ಲೆಕ್ಕ ಹೇಗಿದ್ದೀತು?

ಬದುಕಿರುವಾಗ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಅಂಗಡಿಯಿರುವವರು ಇಂದು ರಾತ್ರಿ ಶಟರು ಎಳೆಯುವ ಮುನ್ನ ಹೊರಗೆ ನಿಂತು, ತಮ್ಮ ಬಾಗಿಲಿನ ಗೆರೆಯಿಂದಾಚೆ ಏನೇನಿದೆಯೆಂದು ನೋಡಲಿ, ನಾಳೆ ಅದನ್ನು ಒಳಗೆ ತರಲಿ. ಗಾಡಿಯ ವ್ಯಾಪಾರಿಗಳು ಪ್ರಮಾಣಪತ್ರ ಪಡೆಯಲಿ, ನಡೆಯುವವರಿಗೆ ದಾರಿ ಬಿಟ್ಟು ನಿಲ್ಲಲಿ. ಅರ್ಜಿ ಬರೆಯಲು ಬಾರದವರಿಗೆ ಮೊಹಲ್ಲಾದ ಓದಿದ ಯುವಕರು ಬರೆದುಕೊಡಲಿ, ಅದೂ ಒಂದು ಸದಕಾ. ಮಸೀದಿಯ ಕಮಿಟಿಯವರು ಜುಮುಅದಂದು ಇಬ್ಬರು ಯುವಕರನ್ನು ನಿಲ್ಲಿಸಿ ವಾಹನಗಳನ್ನು ಸಾಲಾಗಿ ಇಡಿಸಲಿ, ಕಾಲುದಾರಿಯನ್ನು ತೆರೆದಿಡಲಿ. ತಾಯಂದಿರು ಮಕ್ಕಳ ಕೈ ಹಿಡಿದು ನಡೆಯುವಾಗ ಬಾಳೆಹಣ್ಣಿನ ಸಿಪ್ಪೆಯನ್ನೋ ಗಾಜಿನ ಚೂರನ್ನೋ ಕಂಡರೆ ಅದನ್ನು ಬದಿಗೆ ಸರಿಸಲು ಮಗುವಿಗೆ ಕಲಿಸಲಿ. ಬಾಯಿಪಾಠ ಮಾಡಿದ ಹದೀಸು ಅಂದು ಆ ಮಗುವಿನ ಕೈಗೆ ಇಳಿಯುತ್ತದೆ.

ತನಗೆ ಪ್ರಯೋಜನವಾಗುವ ಏನನ್ನಾದರೂ ಕಲಿಸಿರಿ ಎಂದು ಅಬೂ ಬರ್ಝಾ(ರ) ಕೇಳಿಕೊಂಡಾಗ, ಮುಸ್ಲಿಮರ ದಾರಿಯಿಂದ ತೊಂದರೆಯನ್ನು ಸರಿಸು ಎಂದಷ್ಟೇ ಪ್ರವಾದಿವರ್ಯರು(ಸ) ಉತ್ತರಿಸಿದ್ದರು. ಪ್ರಯೋಜನವನ್ನು ಹುಡುಕುವ ನಮಗೂ ಆ ಉತ್ತರ ಸಾಕು. ನಮ್ಮಿಂದ ಯಾರ ದಾರಿಯೂ ಮುಚ್ಚದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ದುಡಿದು ತಿನ್ನುವ ಬಡವರ ಅನ್ನಕ್ಕೆ ಬರಕತ್ ನೀಡಲಿ, ನಾಳೆ ಸಿರಾತಿನ ಸೇತುವೆಯನ್ನು ನಮಗೆ ಸುಗಮಗೊಳಿಸಲಿ. ಆಮೀನ್.